ಛೂ ಎಂದವರು ಯಾರು?

ನಾಯಿಬಾಲಕ್ಕೆ ದಬ್ಬೆ ಕಟ್ಟಿದರೆ ನೆಟ್ಟಗಾದೀತೇ ಎಂಬ ಗಾದೆಯನ್ನು ಒಂದೇ ಬೆಳಿಗ್ಗೆ ನಾಲ್ಕು ಜನರ ಬಾಯಲ್ಲಿ ಕೇಳಿದ ಭಾಗ್ಯ ನನ್ನದು. ಹೇಳಿದವರೆಲ್ಲ ಸಕಲೇಶಪುರದ ಅಂಚಿನಲ್ಲಿರುವ ನಮ್ಮ ಮನೆಯ ಹಿತ್ತಿಲಲ್ಲಿ, ಬಾವಿಕಟ್ಟೆಯ ಸುತ್ತ ನಿಂತಿದ್ದರು. ನಡುವೆ ನಮ್ಮ ಕೆಂಚ, ಹದಿನಾಲ್ಕು ತಿಂಗಳ ನಾಯಿ, ಕಿವಿ ಹಿಂದಕ್ಕೆ ಮಡಚಿಕೊಂಡು, ಬಾಲವನ್ನು ಕಾಲಸಂದಿಗೆ ಸೇರಿಸಿಕೊಂಡು ಕೂತಿತ್ತು. ಅದರ ಮುಂದೆ ನನ್ನ ಚುಕ್ಕೆ ಹೇಂಟೆ ಸತ್ತು ಬಿದ್ದಿತ್ತು. 21 ದಿನ ಕಾವು ಕೂತು ಒಂಬತ್ತು ಮರಿ ಎಬ್ಬಿಸಿದ್ದ ಹೇಂಟೆ ಅದು. ಮರಿಗಳು ಮಂಕರಿಯ ಕೆಳಗೆ ಕಿಚಿಪಿಚಿ ಎನ್ನುತ್ತಿದ್ದವು. ಇದು 2021ರ ಫೆಬ್ರವರಿಯ ಮಾತು.

ಪಂಚಾಯಿತಿ ಸೇರಿದ ಮೇಲೆ ತೀರ್ಪು ಬರಲೇಬೇಕಲ್ಲ? ನಮ್ಮ ಭಾವನವರು, "ಸತ್ತ ಕೋಳೀನೇ ಕುತ್ತಿಗೆಗೆ ಕಟ್ಟಿ ಮೂರು ದಿನ ಬಿಡಿ. ಕೊಳೆತ ವಾಸನೆಗೆ ಬುದ್ಧಿ ಬರ್ತದೆ" ಎಂದರು. ಪಕ್ಕದ ಮನೆಯ ಅಕ್ಕ, ಕುದಿಯುವ ನೀರಿನಿಂದ ತೆಗೆದ ಮೊಟ್ಟೆಯನ್ನು ಬಾಯಿಗಿಟ್ಟು ಒತ್ತಿ ಹಿಡಿದರೆ ಜನ್ಮದಲ್ಲಿ ಕೋಳಿಯ ತಂಟೆಗೆ ಹೋಗುವುದಿಲ್ಲ ಎಂದರು. ಹಾಲು ತರುವವರು ಸೈಕಲ್ಲಿಗೆ ಒರಗಿ ನಿಂತುಕೊಂಡು, "ರಕ್ತದ ರುಚಿ ಹತ್ತಿದ ಮೇಲೆ ಮುಗೀತು ಅಮ್ಮಾ. ಗೋಣಿಚೀಲಕ್ಕೆ ತುಂಬಿಸಿ ಶಿರಾಡಿ ಘಾಟಿ ಇಳಿಸಿಬಿಡಿ" ಎಂದು ಸಲಹೆ ಕೊಟ್ಟರು. ನಮ್ಮ ಯಜಮಾನರು ಮಾತಾಡಲಿಲ್ಲ. ಅವರ ಕೈಯಲ್ಲಿ ಆಗಲೇ ಬೆತ್ತವಿತ್ತು, ನಾಲ್ಕು ಏಟು ಬಿದ್ದೂ ಆಗಿತ್ತು. ಗಾದೆ ಹೇಳಿದ ನಾಲ್ಕನೆಯವಳು ನಾನೇ. ಹೇಂಟೆ ಹೋದ ಸಂಕಟ ಬಾಯಿಂದ ಹಾಗೆ ಬಂತು.

ನಮ್ಮ ಅತ್ತೆಗೆ ಎಂಬತ್ತು ದಾಟಿದೆ. ಜಗಲಿಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದವರು ತಲೆ ಎತ್ತದೆಯೇ ಹೇಳಿದರು: "ಅದಕ್ಕೆ ಛೂ ಅಂತ ಹೇಳಿಕೊಟ್ಟವರು ಯಾರು, ಮೊದಲು ಅದನ್ನ ಕೇಳ್ರಪ್ಪ."

ಹಿತ್ತಿಲು ಗಪ್‌ಚಿಪ್ ಆಯಿತು.

ಯಾಕೆಂದರೆ ಹೇಳಿಕೊಟ್ಟವರು ನಾವೇ. ಹಿತ್ತಿಲ ಸಿಲ್ವರ್ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸಿದ್ದೇವೆ. ಪ್ರತಿ ವರ್ಷ ಬೇಸಗೆ ಶುರುವಾಗುವ ಹೊತ್ತಿಗೆ ಅಂಗಳದಲ್ಲಿ ಮೆಣಸು ಒಣಗುತ್ತಿರುತ್ತದೆ. ಪಕ್ಕದ ಮನೆಯ ಕೋಳಿಗಳು ಬೇಲಿ ನುಸುಳಿ ಬಂದು ಕೆದಕುತ್ತವೆ. ಅಡಿಗೆಮನೆಯಿಂದ ಓಡಿ ಬರುವಷ್ಟು ಪುರುಸೊತ್ತು ಯಾರಿಗಿದೆ? "ಛೂ ಕೆಂಚಾ" ಎಂದರೆ ಸಾಕು, ಅದು ಬಾಣದ ಹಾಗೆ ಹಾರಿ ಕೋಳಿಗಳನ್ನು ಚೆಲ್ಲಾಪಿಲ್ಲಿ ಮಾಡಿ, ನಾಲಗೆ ಜೋತುಬಿಟ್ಟುಕೊಂಡು ವಾಪಸು ಬರುತ್ತಿತ್ತು. "ಶಾಭಾಸ್" ಎಂದು ತಲೆ ಸವರುತ್ತಿದ್ದೆವು. ರಜೆಗೆ ಬಂದ ಮಕ್ಕಳಿಗಂತೂ ಅದೊಂದು ಆಟ. ಮೂರು ತಿಂಗಳ ಮರಿಯಾಗಿದ್ದಾಗಿನಿಂದ ಹೆಚ್ಚುಕಡಿಮೆ ಒಂದು ವರ್ಷ ಈ ಪಾಠ ನಡೆದಿತ್ತು. ಪಕ್ಕದವರ ಕೋಳಿ ಬೇರೆ, ನಮ್ಮನೆಯ ಕೋಳಿ ಬೇರೆ ಎಂಬ ಸೂಕ್ಷ್ಮವನ್ನು ನಾಯಿ ತಾನಾಗಿ ತಿಳಿದುಕೊಳ್ಳಬೇಕಿತ್ತು ಎಂದು ನಮ್ಮ ಆಸೆ. ಕಲಿಸಿದ ಪಾಠವನ್ನು ಒಪ್ಪಿಸಿದ ಹುಡುಗನಿಗೆ ಬೆತ್ತದ ಏಟು ಕೊಟ್ಟ ಹಾಗಾಯಿತು. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವಳಾದ ನನಗೆ ಅವತ್ತು ನಿಜಕ್ಕೂ ನಾಚಿಕೆಯಾಯಿತು.

ನನ್ನ ತಕರಾರು ಇಲ್ಲಿಂದ ಶುರು. ನಾಯಿಯನ್ನೂ ಕೋಳಿಯನ್ನೂ ಒಂದೇ ಹಿತ್ತಿಲಲ್ಲಿ ಸಾಕುವ ನಮ್ಮ ಊರುಗಳ ಮನೆಗಳಲ್ಲಿ ಎರಡೇ ಮಾತು ಚಾಲ್ತಿಯಲ್ಲಿವೆ. ಒಂದು, "ಅದರ ಜಾತಿಗುಣ, ಏನು ಮಾಡೋಕಾಗ್ತದೆ?" ಇನ್ನೊಂದು, "ನಾಲ್ಕು ಬಾರಿಸಿದರೆ ಸರಿಹೋಗ್ತದೆ." ಕೋಳಿ ಸಾಯುವವರೆಗೆ ಮೊದಲನೆಯದು, ಸತ್ತ ಮೇಲೆ ಎರಡನೆಯದು. ಎರಡೂ ಸೋಮಾರಿಗಳ ಮಾತು. ಇವೆರಡರ ನಡುವೆ ಇರುವ ಕೆಲಸವನ್ನು, ಅಂದರೆ ಕಲಿಸುವ ಕೆಲಸವನ್ನು, ಯಾರೂ ಮಾಡುವುದಿಲ್ಲ.

ಜಾತಿಗುಣದ ಮಾತನ್ನೇ ಮೊದಲು ನೋಡೋಣ. ಅದು ಸುಳ್ಳೇನಲ್ಲ. ನಾಯಿಯ ಪೂರ್ವಜ ತೋಳ. ಕಣ್ಣಿಟ್ಟು ನೋಡುವುದು, ಬಗ್ಗಿ ಹೊಂಚುವುದು, ಅಟ್ಟುವುದು, ಹಿಡಿಯುವುದು, ಕೊಲ್ಲುವುದು, ತಿನ್ನುವುದು, ಇವಿಷ್ಟೂ ತೋಳಕ್ಕೆ ಒಂದೇ ಸರಪಳಿ. ಸಾವಿರಾರು ವರ್ಷ ನಾಯಿ ಸಾಕುತ್ತ ಸಾಕುತ್ತ ಮನುಷ್ಯರು ತಮ್ಮ ಅನುಕೂಲಕ್ಕೆ ತಕ್ಕ ಹಾಗೆ ಈ ಸರಪಳಿಯ ಕೆಲವು ಕೊಂಡಿಗಳನ್ನು ಬಿಗಿ ಮಾಡಿದರು, ಕೆಲವನ್ನು ಸಡಿಲ ಮಾಡಿದರು. ನಮ್ಮ ಬಾಗಲಕೋಟೆ ಕಡೆಯ ಮುಧೋಳದ ನಾಯಿ ಕಣ್ಣಿಗೆ ಬಿದ್ದ ಮೊಲವನ್ನು ಓಡಿ ಹಿಡಿಯಲೆಂದೇ ಬೆಳೆದು ಬಂದದ್ದು. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿಯನ್ನೇ ತಂದಿತು. ಬಾರ್ಡರ್ ಕಾಲಿ ಎಂಬ ಕುರಿಗಾವಲಿನ ನಾಯಿಗೆ ಹೊಂಚುವುದೂ ಅಟ್ಟುವುದೂ ಉಂಟು, ಕಚ್ಚಿ ಕೊಲ್ಲುವ ಕೊಂಡಿ ಸಡಿಲ. ಇಟಲಿಯ ಮರೆಮ್ಮಾ ನಾಯಿಗೆ ಅಟ್ಟುವ ಹಂಬಲವೇ ಕಡಿಮೆ. ಕುರಿಗಳ ನಡುವೆ ಕುರಿಯ ಹಾಗೆ ಮಲಗಿರುತ್ತದೆ. ನಮ್ಮ ಬೀದಿಗಳಲ್ಲಿ ಹುಟ್ಟಿ ನಮ್ಮ ಮನೆಗಳಿಗೆ ಬರುವ ಕೆಂಚ, ಕರಿಯರಲ್ಲಿ ಯಾವ ಕೊಂಡಿ ಎಷ್ಟು ಬಿಗಿ ಎಂಬುದು ಸಾಕಿ ನೋಡಿದ ಮೇಲೆಯೇ ತಿಳಿಯುವ ಸಂಗತಿ.

ಹಾಗಾದರೆ ಗಾದೆ ನಿಜವೇ ಆಯಿತಲ್ಲ ಎನ್ನುತ್ತೀರಿ. ಗಾದೆ ನಿಜ. ಬಾಲ ನೆಟ್ಟಗಾಗುವುದಿಲ್ಲ. ಆದರೆ ಬಾಲ ನೆಟ್ಟಗಾಗಬೇಕೆಂದು ಕೇಳಿದವರು ಯಾರು? ಡೊಂಕು ಬಾಲದ ನಾಯಿ ಕೋಳಿಯ ಪಕ್ಕದಲ್ಲಿ ಸುಮ್ಮನೆ ಕೂರಬೇಕು, ಅಷ್ಟೇ ನನಗೆ ಬೇಕಾದದ್ದು. ಆಸೆಯನ್ನು ಕಿತ್ತುಹಾಕುವುದು ಬೇರೆ, ಆಸೆಯಾದಾಗ ಏನು ಮಾಡಬೇಕೆಂದು ಕಲಿಸುವುದು ಬೇರೆ. ಮಿಠಾಯಿ ಅಂಗಡಿಯ ಮುಂದೆ ಮಗುವಿಗೆ ಆಸೆ ಹುಟ್ಟದಂತೆ ಮಾಡಲು ನಮ್ಮಿಂದ ಆಗುತ್ತದೆಯೇ? ಆದರೂ ಕೈಹಾಕಬಾರದೆಂದು ಕಲಿಸುತ್ತೇವೆ.

ಇನ್ನು ರಕ್ತದ ರುಚಿ. ನಮ್ಮ ಚುಕ್ಕೆಯನ್ನು ಕೆಂಚ ತಿಂದಿರಲಿಲ್ಲ. ಒಂದು ತುಣುಕು ಮಾಂಸ ಹೋಗಿರಲಿಲ್ಲ. ಕುತ್ತಿಗೆ ಮುರಿದಿತ್ತು, ಪುಕ್ಕ ಉದುರಿತ್ತು, ಅಷ್ಟೆ. ಮನೆಯಲ್ಲಿ ಹೊಟ್ಟೆ ತುಂಬ ಉಂಡ ನಾಯಿಗಳು ಕೋಳಿ ಕೊಂದಾಗ ಬಹಳ ಸಲ ಹೀಗೇ. ಅದಕ್ಕೆ ಬೇಕಾದದ್ದು ರಕ್ತವಲ್ಲ, ಓಟ. ಕೋಳಿ ಬೆದರಿ ಕೂಗಿ ರೆಕ್ಕೆ ಬಡಿದು ಓಡುತ್ತದಲ್ಲ, ಆ ಗದ್ದಲವೇ ಅದಕ್ಕೆ ಹಬ್ಬ. ಓಡಿಸುವುದೇ ಬಹುಮಾನ. ಹಾಗಿದ್ದ ಮೇಲೆ ಒಮ್ಮೆ ಕೋಳಿ ಕೊಂದ ನಾಯಿಯ ಕಥೆ ಮುಗಿಯಿತು ಎನ್ನುವುದು ತಪ್ಪು. ಆ ನಾಯಿಯ ಜೊತೆ ಹೆಚ್ಚು ಎಚ್ಚರ ಬೇಕು, ಅದು ಒಪ್ಪುವ ಮಾತು. ಯಾಕೆಂದರೆ ಒಂದು ಸಲ ಆ ಹಬ್ಬ ಉಂಡಿದೆ. ಮತ್ತೆ ಉಣ್ಣದ ಹಾಗೆ ನೋಡಿಕೊಳ್ಳುವುದು ನಮ್ಮ ಪಾಲಿನ ಕೆಲಸ.

ಹೊಡೆಯುವವರ ಮಾತಿಗೆ ಬರುತ್ತೇನೆ. ಕೆಂಚ ಕೋಳಿ ಕೊಂದು ಕಾಲು ಗಂಟೆಯ ಮೇಲೆ ಏಟು ಬಿತ್ತು. ಕಾಲು ಗಂಟೆಯ ಹಿಂದಿನ ಕೆಲಸಕ್ಕೂ ಈಗಿನ ಬೆತ್ತಕ್ಕೂ ಗಂಟು ಹಾಕುವ ಶಕ್ತಿ ನಾಯಿಗಿಲ್ಲ. "ಅಯ್ಯೋ, ಅದಕ್ಕೆ ಗೊತ್ತು ಕಣ್ರೀ, ತಪ್ಪು ಮಾಡಿದ ಮುಖ ನೋಡಿ" ಎಂದು ನಾನೂ ಹೇಳಿದ್ದೆ. ಅಮೆರಿಕದಲ್ಲಿ ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ವಿಜ್ಞಾನಿ ಈ ಮುಖವನ್ನೇ ಪರೀಕ್ಷೆಗೆ ಹಚ್ಚಿ 2009ರಲ್ಲಿ ಪ್ರಕಟಿಸಿದರು. ಮುಟ್ಟಬೇಡ ಎಂದ ತಿಂಡಿಯನ್ನು ತಿಂದ ನಾಯಿಯೂ ಉಂಟು, ತಿನ್ನದ ನಾಯಿಯೂ ಉಂಟು. ಆದರೆ ಯಜಮಾನರು ಗದರಿದಾಗ ಆ "ತಪ್ಪಿತಸ್ಥ ಮುಖ" ಹೆಚ್ಚು ಕಾಣಿಸಿಕೊಂಡಿತು, ನಾಯಿ ತಪ್ಪು ಮಾಡಿರಲಿ ಬಿಡಲಿ. ಅಂದರೆ ಅದು ಪಶ್ಚಾತ್ತಾಪವಲ್ಲ, ನಮ್ಮ ಕೋಪ ಕಂಡು ಹುಟ್ಟಿದ ಅಂಜಿಕೆ. ಬೈಗುಳ ಬೀಳುವ ಸೂಚನೆ ಸಿಕ್ಕೊಡನೆ ತಲೆ ತಗ್ಗಿಸಿ ನಿಂತು, ತಪ್ಪು ಒಪ್ಪಿಕೊಂಡವಳು ಎನ್ನಿಸಿಕೊಂಡ ಹೆಂಗಸರಿಗೆ ಈ ಸಂಗತಿಯನ್ನು ಯಾವ ವಿಜ್ಞಾನಿಯೂ ಬಿಡಿಸಿ ಹೇಳಬೇಕಾಗಿಲ್ಲ.

ಹೊಡೆತದಿಂದ ನಾಯಿ ಒಂದು ಪಾಠ ಕಲಿಯುತ್ತದೆ, ಇಲ್ಲವೆನ್ನುವುದಿಲ್ಲ. ಯಜಮಾನರು ಇದ್ದಾಗ ಕೋಳಿಯ ಹತ್ತಿರ ಹೋಗಬಾರದು, ಇಲ್ಲದಿದ್ದಾಗ ಹೋಗಬಹುದು ಎಂಬ ಪಾಠ. ಸತ್ತ ಕೋಳಿಯನ್ನು ಕೊರಳಿಗೆ ಕಟ್ಟಿದರೆ ಮೂರು ದಿನ ಕೊಳೆತ ಮಾಂಸದ ಜೊತೆ ಒದ್ದಾಡುತ್ತದೆ, ಬದುಕಿದ ಕೋಳಿಯ ವಿಷಯ ಏನೂ ಕಲಿಯುವುದಿಲ್ಲ. ಸುಡುವ ಮೊಟ್ಟೆಯಿಂದ ಬಾಯಿ ಬೇಯುತ್ತದೆ, ಕೈಯಿಂದ ಏನು ಕೊಟ್ಟರೂ ಹೆದರುತ್ತದೆ. ಘಾಟಿ ಇಳಿಸುವುದಂತೂ ಎಲ್ಲಕ್ಕಿಂತ ಹೇಯ. ಘಾಟಿಯ ಕೆಳಗಿನವರು ಕೋಳಿ ಸಾಕುವುದಿಲ್ಲವೇ? ನಮ್ಮ ಕಸವನ್ನು ಪಕ್ಕದ ಮನೆಯ ಅಂಗಳಕ್ಕೆ ತಳ್ಳಿದ ಹಾಗೆ. ಪ್ರಾಣಿಗಳ ಮೇಲಿನ ಹಿಂಸೆ ತಡೆಯುವ ಕಾಯಿದೆ 1960ರಿಂದ ಈ ದೇಶದಲ್ಲಿದೆ. ಸಾಕಿದ ಪ್ರಾಣಿಯನ್ನು ಹಿಂಸೆಯಾಗುವಂತೆ ಹೊಡೆಯುವುದೂ, ಹಸಿವು ಬಾಯಾರಿಕೆಯಿಂದ ನರಳುವಂತೆ ಎಲ್ಲೋ ಬಿಟ್ಟುಬರುವುದೂ ಅದರ ಪ್ರಕಾರ ಅಪರಾಧ. ಹಾಲಿನವರಿಗೆ ಇದನ್ನು ಹೇಳಿದೆ. "ಅಷ್ಟೆಲ್ಲಾ ಯಾರು ನೋಡ್ತಾರೆ ಬಿಡಿ" ಎಂದರು.

ಯಾರೂ ನೋಡುವುದಿಲ್ಲ. ಅದು ನನಗೆ ಚಿಕ್ಕಂದಿನಿಂದಲೇ ಗೊತ್ತು. ನಮ್ಮ ಅಪ್ಪನಿಗೆ ಶಿಕಾರಿಯ ಹುಚ್ಚು. 1972ರಲ್ಲಿ ವನ್ಯಜೀವಿ ಕಾಯಿದೆ ಬಂದು ಬೇಟೆ ನಿಂತಿತೆಂದು ಕಾಗದದ ಮೇಲೆ ಇತ್ತು. ಆ ಕಾಗದ ನಮ್ಮೂರಿಗೆ ತಡವಾಗಿ ಬಂತು. ಅಪ್ಪನ ನಾಯಿಗಳಿಗೆ ಊರಲ್ಲಿ ದೊಡ್ಡ ಹೆಸರು. ಮೊಲ ಹಿಡಿದು ತಂದ ದಿನ ಅವಕ್ಕೆ ಅಪ್ಪನ ಎಲೆಯಿಂದಲೇ ತುತ್ತು. ಅದೇ ನಾಯಿ ಅವ್ವನ ಕೋಳಿ ಹಿಡಿದರೆ ಒನಕೆಯಲ್ಲಿ ಏಟು. ಮೊಲಕ್ಕೆ ಬೆನ್ನು ತಟ್ಟುವುದು, ಕೋಳಿಗೆ ಬೆನ್ನು ಮುರಿಯುವುದು. ನಾಯಿಗೆ ಏನು ಅರ್ಥವಾಗಬೇಕು?

ಅಪ್ಪನ ಕೋಪವೂ ಒಂದು ಏಟಿಗೆ ಮುಗಿಯುತ್ತಿತ್ತು. ಆಮೇಲೆ, "ಬೇಟೆನಾಯಿ ಅಂದಮೇಲೆ ಅಷ್ಟು ಇರಬೇಕು" ಎಂದು ಮೀಸೆಯಲ್ಲೇ ನಗು. ಕೋಳಿ ಯಾರದು? ಅವ್ವನದು. ಸೊಸೈಟಿಯಲ್ಲಿ ಅಪ್ಪನ ಹೆಸರಿನಲ್ಲಿ ಪಾಸುಬುಕ್ಕಿತ್ತು. ಅವ್ವನ ಬ್ಯಾಂಕು ಸಾಸಿವೆ ಡಬ್ಬಿ, ಅದಕ್ಕೆ ಬೀಳುವ ಹಣ ಮೊಟ್ಟೆಯದು, ಹುಂಜದ್ದು. ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಶುಲ್ಕ ಕಟ್ಟಿದ್ದು ಅವ್ವನ ಎರಡು ಹುಂಜಗಳು. ಒಂದು ವರ್ಷ ನಾಯಿಗಳು ಒಂದೇ ಮಧ್ಯಾಹ್ನ ಆರು ಕೋಳಿ ಕೊಂದವು. ಅವ್ವ ಅಳಲಿಲ್ಲ. ಪುಕ್ಕ ಕಿತ್ತು, ಸಾರು ಮಾಡಿ, ಎಲ್ಲರಿಗೂ ಬಡಿಸಿ, ತಾನು ಬರೀ ಮಜ್ಜಿಗೆ ಅನ್ನ ಉಂಡಳು. ಆ ನಷ್ಟವನ್ನು ಯಾರೂ ನಷ್ಟವೆಂದು ಲೆಕ್ಕಕ್ಕೆ ಹಿಡಿಯಲಿಲ್ಲ. ಮಾರನೆಯ ದಿನದಿಂದ ಕೋಳಿಗಳನ್ನು ಇಡೀ ದಿನ ಮಂಕರಿಯ ಕೆಳಗೆ ಮುಚ್ಚಿಡು ಎಂದು ಅವ್ವನಿಗೆ ಬುದ್ಧಿ ಹೇಳಿದರು. ನಾಯಿಗಳು ಅಂಗಳದಲ್ಲಿ ರಾಜರ ಹಾಗೆ ಓಡಾಡಿಕೊಂಡಿದ್ದವು.

ಈ ನ್ಯಾಯ ಬರೀ ಕೋಳಿಗೆ ಮಾತ್ರ ಎಂದು ನೀವು ಅಂದುಕೊಂಡಿಲ್ಲ ತಾನೇ? ಬೀದಿಯಲ್ಲಿ ಹುಡುಗರು ಕೀಟಲೆ ಮಾಡಿದರೆ, "ಗಂಡುಹುಡುಗರು, ಆ ವಯಸ್ಸೇ ಹಾಗೆ. ನೀನೇ ಕತ್ತಲಾಗೋದ್ರೊಳಗೆ ಮನೆ ಸೇರಿಕೋ" ಎಂದು ಹುಡುಗಿಗೆ ಹೇಳುತ್ತೇವೆ. ಸ್ವಭಾವದ ಹೆಸರಿನಲ್ಲಿ ಒಬ್ಬರಿಗೆ ರಿಯಾಯಿತಿ, ಇನ್ನೊಬ್ಬರಿಗೆ ಮಂಕರಿ. ನಾಯಿ ಪಾಪದ ಪ್ರಾಣಿ, ಅದನ್ನು ನಮ್ಮ ಗಂಡುಮಕ್ಕಳಿಗೆ ಹೋಲಿಸಿ ಅದಕ್ಕೆ ಅನ್ಯಾಯ ಮಾಡಲಾರೆ. ಕಲಿಸಬೇಕಾದವರು ಕಲಿಸದೆ ಕೈತೊಳೆದುಕೊಳ್ಳುವ ರೀತಿ ಮಾತ್ರ ಎರಡೂ ಕಡೆ ಒಂದೇ.

ಸರಿ, ಬರೀ ಬೈದರೆ ಸಾಲದು. ನಾನು ಮಾಡಿದ್ದೇನು ಹೇಳುತ್ತೇನೆ. ಊರಿನ ಪಶುವೈದ್ಯೆಯನ್ನು ಕೇಳಿದೆ. ಆಕೆ ನಕ್ಕು, "ಮೊದಲು ಗೂಡು ಸರಿಮಾಡಿ ಮೇಡಂ, ಆಮೇಲೆ ನಾಯಿ, ಆಮೇಲೆ ಮನೆಯವರು. ಕಷ್ಟ ಇರೋದು ಕೊನೇದರಲ್ಲಿ" ಎಂದರು. ಆ ಮಾತಿನ ಬೆಲೆ ಆಮೇಲೆ ಗೊತ್ತಾಯಿತು.

ಗೂಡಿಗೆ ನಾವು ಹಾಕಿದ್ದು ಆರು ಮೂಲೆ ಕಣ್ಣಿನ ತೆಳು ಕೋಳಿಬಲೆ. ಅದು ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ, ನಾಯಿ ಒಳಗೆ ಬರದಂತೆ ತಡೆಯುವುದಿಲ್ಲ. ಹಲ್ಲಿಗೆ ಸಿಕ್ಕರೆ ಹರಿದುಹೋಗುತ್ತದೆ. ಅದನ್ನು ತೆಗೆಸಿ ಬೆಸುಗೆ ಹಾಕಿದ ಗಟ್ಟಿ ತಂತಿಯ ಜಾಲರಿ ಹೊಡೆಸಿದೆ. ನಾಯಿ ಕೆರೆದು ನುಗ್ಗದಂತೆ ಗೂಡಿನ ಸುತ್ತ ನೆಲದ ಮೇಲೂ ಒಂದೂವರೆ ಅಡಿ ಜಾಲರಿ ಹಾಸಿ ಕಲ್ಲು ಹೇರಿದೆ. ಒಳಗೆ ಎತ್ತರದಲ್ಲಿ ಕೂರಲು ಅಡ್ಡಗೋಲು. ಬಾಗಿಲಿಗೆ ಹಗ್ಗದ ಕುಣಿಕೆ ಹೋಗಿ ಚಿಲಕ ಬಂತು. ಖರ್ಚಾಯಿತು. ಪಾತ್ರೆ ಅಂಗಡಿಗೆ ಕೊಡಬೇಕೆಂದಿದ್ದ ಹಣ ಅಲ್ಲಿಗೆ ಹೋಯಿತು.

ಆಮೇಲೆ ಕೆಂಚ. "ಬಿಡು" ಎಂಬ ಒಂದು ಮಾತನ್ನು ಮೊದಲು ಜಗಲಿಯಲ್ಲಿ, ಕೋಳಿಯ ನೆರಳೂ ಇಲ್ಲದ ಕಡೆ ಕಲಿಸಿದೆ. ಮುಚ್ಚಿದ ಮುಷ್ಟಿಯಲ್ಲಿ ರೊಟ್ಟಿಯ ಚೂರು. ಮೂಸುತ್ತದೆ, ನೆಕ್ಕುತ್ತದೆ, ಕಾಲಲ್ಲಿ ಕೆರೆಯುತ್ತದೆ. ನಾನು ಗೊಂಬೆಯ ಹಾಗೆ ಕೂತಿರುತ್ತೇನೆ. ಸಾಕಾಗಿ ಮುಖ ತಿರುಗಿಸಿದ ಆ ಕ್ಷಣಕ್ಕೆ ಇನ್ನೊಂದು ಕೈಯಿಂದ ಬೇಯಿಸಿದ ಲಿವರ್ ಚೂರು. ಬಿಟ್ಟರೆ ಇನ್ನೂ ಒಳ್ಳೆಯದು ಸಿಗುತ್ತದೆ ಎಂಬುದು ಅದಕ್ಕೆ ನಾಲ್ಕೇ ದಿನಕ್ಕೆ ತಿಳಿಯಿತು. ನಮ್ಮಲ್ಲಿ ಎಷ್ಟೋ ಜನಕ್ಕೆ ಅರವತ್ತಾದರೂ ತಿಳಿದಿಲ್ಲ.

ನಂತರ ಗೂಡಿನಿಂದ ಇಪ್ಪತ್ತು ಅಡಿ ದೂರ, ಕೊರಳಿಗೆ ಪಟ್ಟಿ, ಕೈಯಲ್ಲಿ ಹಗ್ಗ. ಅದಕ್ಕೂ ಮೊದಲು ಅರ್ಧ ಗಂಟೆ ರಸ್ತೆಯಲ್ಲಿ ನಡೆಸಿಕೊಂಡು ಬರುವುದು. ಮೈಯಲ್ಲಿ ಕೊಬ್ಬು ಕುಣಿಯುತ್ತಿರುವಾಗ ಪಾಠ ಹತ್ತುವುದಿಲ್ಲ. ಕೋಳಿಯನ್ನು ನೋಡಿ ನನ್ನ ಕಡೆ ತಿರುಗಿದರೆ ಚೂರು. ತಿರುಗದೆ ಕಣ್ಣು ನೆಟ್ಟರೆ, ಬಾಯಿ ಮುಚ್ಚಿ ಕಿವಿ ಮುಂದಕ್ಕೆ ಚಾಚಿ ಮೈ ಮರದ ಹಾಗೆ ಬಿಗಿಯಾದರೆ, ಒಂದು ಮುಂಗಾಲು ಮೇಲೆತ್ತಿದರೆ, ಬೈಯದೆ ಹೊಡೆಯದೆ ನಾಲ್ಕು ಹೆಜ್ಜೆ ಹಿಂದಕ್ಕೆ ಕರೆದುಕೊಂಡು ಹೋಗುವುದು. ನಾವು ಆತುರಪಟ್ಟು ಹತ್ತಿರ ಬಂದೆವು ಎಂದು ಅರ್ಥ. ಹೊಂಚುವ ಕಣ್ಣಿನಲ್ಲೇ ಸರಪಳಿ ಕಳಚಬೇಕು. ಓಟ ಶುರುವಾದ ಮೇಲೆ ಕೂಗಿ ಪ್ರಯೋಜನವಿಲ್ಲ. ದಿನಕ್ಕೆ ಎರಡು ಸಲ, ಹತ್ತು ಹತ್ತು ನಿಮಿಷ. ಜಾಲರಿಯ ಪಕ್ಕದಲ್ಲಿ ಕೂತು ಕೋಳಿಗೆ ಬೆನ್ನು ಮಾಡಿ ಆಕಳಿಸುವ ಹೊತ್ತಿಗೆ ಎರಡು ತಿಂಗಳು ಹಿಡಿಯಿತು. ಆಮೇಲೆ ಕೋಳಿಗಳು ಹೊರಗೆ, ಕೆಂಚನ ಹಗ್ಗ ನನ್ನ ಕೈಯಲ್ಲಿ. ಅದಾದ ಮೇಲೆ ಹಗ್ಗ ನೆಲದ ಮೇಲೆ, ನನ್ನ ಕಾಲು ಅದರ ಮೇಲೆ. ಹೀಗೆ ಆರು ತಿಂಗಳು.

ಕೋಳಿಯನ್ನು ಎತ್ತಿ ನಾಯಿಯ ಮೂಗಿಗೆ ಹಿಡಿದು "ಪರಿಚಯ" ಮಾಡಿಸುವವರಿದ್ದಾರೆ. ಅದನ್ನು ಮಾತ್ರ ಮಾಡಬೇಡಿ. ಕೋಳಿಗೂ ಜೀವ ಬಾಯಿಗೆ ಬರುತ್ತದೆ, ರೆಕ್ಕೆ ಬಡಿಯುತ್ತದೆ, ನಾಯಿ ರೇಗುತ್ತದೆ. ನುಚ್ಚಕ್ಕಿ ಹಾಕಿ "ಬ್ಬೊ ಬ್ಬೊ" ಎಂದು ಕರೆದಾಗ ಕೋಳಿಗಳು ನಿರಾಳವಾಗಿ ಬಂದು ಮೇಯುತ್ತಿದ್ದರೆ, ನಾಯಿ ಇನ್ನು ಎಷ್ಟು ಹತ್ತಿರ ಬರಬಹುದೆಂದು ಅವೇ ಹೇಳಿದ ಹಾಗೆ. ಹೆದರಿದ ಹೇಂಟೆ ಮೊಟ್ಟೆ ಇಡುವುದನ್ನೇ ನಿಲ್ಲಿಸುತ್ತದೆ. ಈ ಪಾಠದಲ್ಲಿ ಕೋಳಿಯ ಮಾತಿಗೂ ಬೆಲೆಯಿರಬೇಕು.

ಉಳಿದವರು ಮನೆಯವರು. "ಛೂ" ಎಂದವರಿಗೆ ಹತ್ತು ರೂಪಾಯಿ ದಂಡ, ಸಾಸಿವೆ ಡಬ್ಬಿಗೆ. ಮೊದಲ ತಿಂಗಳು ಯಜಮಾನರು ಎಪ್ಪತ್ತು ರೂಪಾಯಿ ಕಟ್ಟಿದರು. ನಾನೂ ಇಪ್ಪತ್ತು ಕಟ್ಟಿದೆ. ಪಕ್ಕದವರ ಕೋಳಿ ಮೆಣಸಿಗೆ ಬಂದರೆ ಈಗ ನಾವೇ ಎದ್ದು ಹೋಗಿ ಓಡಿಸುತ್ತೇವೆ. ಮೈಗೂ ಒಳ್ಳೆಯದು.

ಇಷ್ಟು ಮಾಡಿ ಏನಾಯಿತು? ಸುಳ್ಳು ಹೇಳುವುದಿಲ್ಲ. ಮಾರನೆಯ ವರ್ಷದ ಯುಗಾದಿಯ ಹೊಸತೊಡಕಿಗೆ ನೆಂಟರು ತುಂಬಿದ್ದರು. ಯಾರೋ ಹುಡುಗ ಗೂಡಿನ ಚಿಲಕ ತೆಗೆದಿಟ್ಟ. ಇನ್ಯಾರೋ ಕೆಂಚನ ಸರಪಳಿ ಬಿಚ್ಚಿದರು. ನಾನು ಅಡಿಗೆಮನೆಯಲ್ಲಿದ್ದೆ. ಕೂಗು ಕೇಳಿ ಓಡಿ ಬರುವಷ್ಟರಲ್ಲಿ ಕೆಂಪು ಹೇಂಟೆ ಹೋಗಿತ್ತು. ಮತ್ತೆ ಅದೇ ಪಂಚಾಯಿತಿ, ಅದೇ ಗಾದೆ. "ಒಂದು ವರ್ಷ ಪಾಠ ಹೇಳಿದ್ದು ಇಷ್ಟಕ್ಕೇನಾ ಟೀಚರಮ್ಮ?" ಎಂದು ಭಾವನವರು ನಕ್ಕರು. ಅವತ್ತು ಬೆಳಿಗ್ಗೆ ನೆಂಟರಿಗೆಂದು ನಾವೇ ಮೂರು ಹುಂಜ ಕೊಯ್ದಿದ್ದೆವು. ನಾನೇನು ಸಾರು ಬಿಟ್ಟವಳಲ್ಲ. ಆದರೆ ಮೂರು ಕೋಳಿ ತಿಂದವರು ಒಂದು ಕೋಳಿ ಕೊಂದದ್ದಕ್ಕೆ ನಾಯಿಯನ್ನು ಕೊಲೆಗಡುಕ ಎನ್ನುತ್ತ ಕೈತೊಳೆಯುತ್ತಿದ್ದದ್ದನ್ನು ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ತಪ್ಪು ಕೆಂಚನದಲ್ಲ, ನನ್ನದು. ಮನೆ ತುಂಬ ಜನ ಇರುವ ದಿನ ಗೂಡಿಗೆ ಬೀಗ ಹಾಕಬೇಕಿತ್ತು. ಅಮೆರಿಕದಲ್ಲಿ ಕೆಲರ್ ಬ್ರೀಲೆಂಡ್, ಮೇರಿಯನ್ ಬ್ರೀಲೆಂಡ್ ಎಂಬ ದಂಪತಿ ಇದ್ದರು. ಬಿ. ಎಫ್. ಸ್ಕಿನ್ನರ್ ಅವರಲ್ಲಿ ಕಲಿತು, ಬಹುಮಾನ ಕೊಟ್ಟು ಕಲಿಸುವ ವಿಧಾನದಿಂದ ಸಾವಿರಾರು ಪ್ರಾಣಿಗಳಿಗೆ ಪಾಠ ಹೇಳಿದವರು. ಅಂಥವರೇ 1961ರಲ್ಲಿ ಬರೆದರು: ಹಂದಿಗೆ ನಾಣ್ಯ ತಂದು ಡಬ್ಬಿಗೆ ಹಾಕಲು ಕಲಿಸಿದೆವು, ಚೆನ್ನಾಗಿ ಕಲಿಯಿತು, ಕೆಲವು ವಾರಗಳಾದ ಮೇಲೆ ನಾಣ್ಯವನ್ನು ಮೂತಿಯಲ್ಲಿ ಮಣ್ಣಿನಲ್ಲಿ ಹೊರಳಿಸತೊಡಗಿತು. ಕಲಿತದ್ದು ನಿಧಾನವಾಗಿ ಹುಟ್ಟುಗುಣದ ಕಡೆಗೆ ಜಾರುತ್ತದೆ ಎಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಕೆಲರ್ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ ಮೇರಿಯನ್, ತಮ್ಮ ಎರಡನೆಯ ಪತಿ ಬಾಬ್ ಬೇಲಿಯವರ ಜೊತೆ ನಾಯಿ ತರಬೇತುದಾರರಿಗಾಗಿ ಶಿಬಿರ ನಡೆಸಿದರು. ಅಲ್ಲಿ ಶಿಷ್ಯರ ಕೈಗೆ ಕೊಡುತ್ತಿದ್ದದ್ದು ನಾಯಿಯನ್ನಲ್ಲ, ಕೋಳಿಯನ್ನು! ಕೋಳಿ ಚುರುಕು, ಗದರಿದರೆ ಹಾರಿಹೋಗುತ್ತದೆ. ಅದಕ್ಕೆ ಕಲಿಸಬೇಕಾದರೆ ಸಿಟ್ಟು ಬಿಟ್ಟು, ಸರಿಯಾದ ಕ್ಷಣಕ್ಕೆ ಸರಿಯಾಗಿ ಕಾಳು ಕೊಡುವುದನ್ನು ಮನುಷ್ಯ ಕಲಿಯಬೇಕು. ನಾಯಿಗೆ ಕಲಿಸುವವರಿಗೆ ಕೋಳಿಯೇ ಗುರು.

ಆದ್ದರಿಂದ ನಾಯಿಯನ್ನೂ ಕೋಳಿಯನ್ನೂ ಒಟ್ಟಿಗೆ ಬಿಟ್ಟು ಪೇಟೆಗೆ ಹೋಗಿ ಎಂದು ನಾನು ಹೇಳುವುದಿಲ್ಲ. ಕಣ್ಣೆದುರು ಇದ್ದರೆ ಜೊತೆಗಿರಲಿ, ಕಣ್ಣು ತಪ್ಪಿದರೆ ನಡುವೆ ಜಾಲರಿ ಇರಲಿ. ಮರಿಕೋಳಿಗಳ ಹತ್ತಿರ ಎಷ್ಟು ಕಲಿತ ನಾಯಿಯೂ ಬೇಡ. ಎಷ್ಟು ಕಲಿಸಿದರೂ ಕಣ್ಣು ಕೀಳಲಾಗದ ನಾಯಿಗಳೂ ಇವೆ. ಅವಕ್ಕೆ ಜಾಲರಿಯೇ ಪಾಠ, ಘಾಟಿಯಲ್ಲ, ಬೆತ್ತವಲ್ಲ.

ಕಲಿಸಿದರೆ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೂ ಒಂದು ಉದಾಹರಣೆ ಕೊಡುತ್ತೇನೆ. ಆಸ್ಟ್ರೇಲಿಯಾದ ವಾರ್ನಂಬೂಲ್ ಎಂಬ ಊರಿನ ಪಕ್ಕದಲ್ಲಿ ಮಿಡಲ್ ಐಲೆಂಡ್ ಎಂಬ ಪುಟ್ಟ ದ್ವೀಪವಿದೆ. ಅಲ್ಲಿ ನೂರಾರು ಸಂಖ್ಯೆಯಲ್ಲಿದ್ದ ಪುಟಾಣಿ ಪೆಂಗ್ವಿನ್‌ಗಳು ನರಿಗಳ ಕಾಟಕ್ಕೆ 2005ರ ಹೊತ್ತಿಗೆ ಹತ್ತೂ ಉಳಿಯಲಿಲ್ಲ. ಆ ಸೀಮೆಯ ಕೋಳಿ ಸಾಕುವ ರೈತನೊಬ್ಬ, ನನ್ನ ಕೋಳಿಗಳನ್ನು ನರಿಯಿಂದ ಕಾಯುವ ಮರೆಮ್ಮಾ ನಾಯಿಯಿದೆ, ಅದು ಪೆಂಗ್ವಿನ್ ಕಾಯಬಾರದೇಕೆ ಎಂದ. 2006ರಲ್ಲಿ ಆ ನಾಯಿಯನ್ನೇ ದ್ವೀಪಕ್ಕೆ ಬಿಟ್ಟರು. ನಂತರದ ವರ್ಷಗಳಲ್ಲಿ ಪೆಂಗ್ವಿನ್‌ಗಳ ಸಂಖ್ಯೆ ಮತ್ತೆ ನೂರು ದಾಟಿತು. ಆ ತಳಿಯಲ್ಲಿ ಕಾಯುವ ಗುಣ ಹುಟ್ಟಿನಿಂದಲೇ ಇದೆ, ನಮ್ಮ ಕೆಂಚನಲ್ಲಿ ಇಲ್ಲ, ನಿಜ. ಆದರೆ ಅಂಥ ನಾಯಿಗಳನ್ನೂ ಹಾಗೆಯೇ ತಂದು ಬಿಡುವುದಿಲ್ಲ, ಪಾಠ ಹೇಳಿಯೇ ಬಿಡುತ್ತಾರೆ.

"ಮಕ್ಕಳಿಗೆ ಪಾಠ ಹೇಳೋಕೇ ಪುರುಸೊತ್ತಿಲ್ಲ, ನಾಯಿಗೆ ಯಾರು ಹೇಳ್ತಾರೆ?" ಎಂದು ಗೆಳತಿಯರು ಕೇಳುತ್ತಾರೆ. ದಿನಕ್ಕೆ ಇಪ್ಪತ್ತು ನಿಮಿಷ ಕೊಡಲಾಗದಿದ್ದರೆ ನಾಯಿ ಸಾಕಬೇಡಿ. ಕಠಿಣವಾಯಿತೇ? ಆಗಲಿ. ಆ ಇಪ್ಪತ್ತು ನಿಮಿಷ ನಿಮ್ಮೊಬ್ಬರ ತಲೆಗೇ ಬರಬಾರದು ಎಂಬುದೂ ನನ್ನ ಮಾತೇ. ನಾಯಿ ಬೇಕೆಂದು ತಂದವರು ಗಂಡನೋ ಮಗನೋ ಆಗಿರುತ್ತಾರೆ. ಹಗ್ಗ ಅವರ ಕೈಗೆ ಕೊಡಿ. ನಮ್ಮಲ್ಲಿ ಬೆಳಗಿನ ಪಾಠ ಈಗ ಯಜಮಾನರದು. ಬೆತ್ತ ಹಿಡಿದ ಕೈಯಲ್ಲೇ ಲಿವರ್ ಚೂರಿನ ಡಬ್ಬಿ ಹಿಡಿಯುತ್ತಾರೆ.

ಕೆಂಪು ಹೇಂಟೆ ಹೋದ ಮೇಲೆ ಈವರೆಗೆ ನಮ್ಮಲ್ಲಿ ಕೋಳಿ ಸತ್ತಿಲ್ಲ. ಸಾಯುವುದೇ ಇಲ್ಲ ಎಂದು ಬರೆದು ಕೊಡಲಾರೆ. ಸಂಜೆ ನಾಲ್ಕಕ್ಕೆ ಗೂಡು ತೆಗೆದಾಗ ಕೋಳಿಗಳು ಪೇರಲೆ ಮರದ ಬುಡದಲ್ಲಿ ಮಣ್ಣು ಕೆದರಿ ಮೈಮೇಲೆ ಎರಚಿಕೊಳ್ಳುತ್ತವೆ. ಆ ಧೂಳಿಗೂ ರೆಕ್ಕೆಯ ಸದ್ದಿಗೂ ಕೆಂಚನ ಕಿವಿ ಇವತ್ತಿಗೂ ನೆಟ್ಟಗಾಗುತ್ತದೆ. ಒಂದು ಕ್ಷಣ ನೋಡುತ್ತದೆ, ಆಮೇಲೆ ತಿರುಗಿ ನನ್ನ ಮುಖ ನೋಡುತ್ತದೆ. ನಾನು ಸೆರಗಿನ ಗಂಟಿನಿಂದ ಒಂದು ಚೂರು ತೆಗೆದು ಕೊಡುತ್ತೇನೆ. ಜಗಲಿಯ ಮೇಲಿಂದ ಅತ್ತೆ, "ಬಾಲ ನೆಟ್ಟಗಾಯ್ತೇನವ್ವಾ?" ಎಂದು ಕೇಳುತ್ತಾರೆ.

"ಇಲ್ಲ ಅತ್ತೆ, ಡೊಂಕೇ ಇದೆ" ಎನ್ನುತ್ತೇನೆ.

"ಇರಲಿ ಬಿಡು. ಅದನ್ನ ಕಟ್ಕೊಂಡು ಏನು ಮಾಡ್ತೀಯ" ಎಂದು ಅವರು ಮತ್ತೆ ಮೊರಕ್ಕೆ ತಲೆ ಬಗ್ಗಿಸುತ್ತಾರೆ.